ಯಾರ ಬಾಯಿಂದ ಕೇಳಿದ ಜಪಾನಿ? ಕಿವಿಯಿಂದ ಕಲಿತವರ ಒಂದು ಚರಿತ್ರೆ

ಗಡಿನಾಡಿನ ಕನ್ನಡದ ಬಗ್ಗೆ ನಡೆಯುವ ಮಾಲಿಕೆಯಲ್ಲಿ ಜಪಾನಿನ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. ಕಾರಣ ಕೊನೆಯಲ್ಲಿ ತಾನಾಗಿ ಗೊತ್ತಾಗ್ತದೆ.

ನಾನು ಎರಡು ವರ್ಷದಿಂದ ಜಪಾನಿ ಕಲಿಯುತ್ತಿದ್ದೇನೆ. 'ತಿಂದುಬಿಟ್ಟೆ' ಅನ್ನಲು ಪುಸ್ತಕದಲ್ಲಿ 'ತಬೆತೆ ಶಿಮತ್ತ' ಎಂದಿತ್ತು. ಜಪಾನಿಯರ ಮಾತು ಕೇಳಲು ಕೂತಾಗ ಕಿವಿಗೆ ಬಿದ್ದದ್ದು 'ತಬೆಚತ್ತ'. ಮೊದಲು ಗಾಬರಿಯಾಯಿತು. ಆಮೇಲೆ ನೋಡಿದರೆ ನಾವೂ 'ತಿಂದ್ಬಿಟ್ಟೆ' ಅಂತಲೇ ಹೇಳುವುದಲ್ವಾ? ಎರಡೂ ಭಾಷೆಯಲ್ಲಿ ಮುಖ್ಯ ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯಾಪದ ಕೂತು, ಆಡುವಾಗ ಎರಡೂ ಒಂದಾಗುತ್ತವೆ. ಪುಸ್ತಕ ಇದನ್ನು ಬಿಡಿಸಿ ತೋರಿಸುತ್ತದೆ. ಆಡುವಾಗ ಅದು ಹೇಗೆ ಕೂಡಿಕೊಳ್ಳುತ್ತದೆಂದು ಕಿವಿಯಿಂದಲೇ ತಿಳಿಯಬೇಕು.

ಸಹಜವಾಗಿ ಮಾತಾಡಬೇಕಾದರೆ ಆ ಭಾಷೆ ಹುಟ್ಟಿನಿಂದ ಆಡುವವರನ್ನು ಕೇಳಿ ಅಂತ ಎಲ್ಲರೂ ಹೇಳುತ್ತಾರೆ. ಸಲಹೆ ಸರಿಯೇ. ಆದರೆ ಯಾವ ಊರಿನವರನ್ನು ಕೇಳಬೇಕು? ಜಪಾನಿ ಕಲಿತ ಹೊರಗಿನವರ ನಾನೂರು ವರ್ಷಗಳ ಚರಿತ್ರೆ ಓದಿದಾಗ ಉದ್ದಕ್ಕೂ ನನಗೆ ಸಿಕ್ಕಿದ್ದು ಈ ಪ್ರಶ್ನೆಯೇ.

ಮೊದಲನೆಯ ಸಂದರ್ಭಕ್ಕೆ ಗೋವೆಯ ನಂಟು ಉಂಟು. ಯುರೋಪಿಗೆ ಹೋಗಿದ್ದ ನಾಲ್ವರು ಜಪಾನಿ ಹುಡುಗರು ಹಿಂತಿರುಗುವಾಗ ಗೋವೆಯಲ್ಲಿ ತಂಗಿದ್ದರು. ಅವರಲ್ಲಿ ಒಬ್ಬನು ಮಾಡಿದ ಲ್ಯಾಟಿನ್ ಭಾಷಣ 1588ರಲ್ಲಿ ಅಲ್ಲೇ ಅಚ್ಚಾಯಿತು. ಅವರ ಜೊತೆ ಹೊರಟ ಅಚ್ಚುಯಂತ್ರ 1590ರಲ್ಲಿ ಜಪಾನಿನ ಕ್ಯೂಶೂ ದ್ವೀಪಕ್ಕೆ ತಲುಪಿತು. 1592ರ ಹೊತ್ತಿಗೆ ಆ ಯಂತ್ರದಿಂದ ಅಮಾಕುಸದಲ್ಲಿ 'ಹೈಕೆ ಮೊನೊಗತಾರಿ'ಯ ಒಂದು ವಿಚಿತ್ರ ಆವೃತ್ತಿ ಹೊರಬಂತು. ಹಳೆಯ ಯುದ್ಧಕಥೆಯನ್ನು ಆ ಕಾಲದ ಆಡುಮಾತಿಗೆ ಇಳಿಸಿ, ಇಬ್ಬರ ಸಂಭಾಷಣೆಯಾಗಿ, ರೋಮನ್ ಅಕ್ಷರದಲ್ಲಿ ಬರೆದದ್ದು. ಜಪಾನಿನ ಮಾತನ್ನೂ ಚರಿತ್ರೆಯನ್ನೂ ಕಲಿಯಬಯಸುವವರಿಗಾಗಿ ಇದು ಎಂದು ಶೀರ್ಷಿಕೆಯೇ ಹೇಳುತ್ತದೆ.

ಪಾದ್ರಿಗಳು ಕಿವಿಗೆ ಬಿದ್ದಂತೆ ಬರೆದದ್ದರಿಂದ ನಮಗೊಂದು ಲಾಭವಾಗಿದೆ. ಇವತ್ತಿನ 'ಹೈಕೆ' ಅವರ ಬರಹದಲ್ಲಿ 'ಫೈಕೆ'; 'ಹಿತೊ', ಅಂದರೆ ಮನುಷ್ಯ, ಅಲ್ಲಿ 'ಫಿತೊ'. ಅದಕ್ಕೂ ಹಿಂದೆ ಅದು ಪಕಾರವಾಗಿತ್ತು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಪಕಾರ ಹಕಾರವಾಗುವ ಕಥೆ ನಮಗೆ ಹೊಸತಲ್ಲ. ಹಳಗನ್ನಡದ 'ಪಾಲು' ನಮ್ಮ ಬಾಯಲ್ಲಿ 'ಹಾಲು' ಆಯಿತು, ಪಕ್ಕದ ಮನೆಯ ಮಲಯಾಳದಲ್ಲಿ ಅದು ಈಗಲೂ 'ಪಾಲ್'.

ಇನ್ನು ಜೊವಾಂವ್ ರೊಡ್ರಿಗಸ್. ಈತ 1577ರಲ್ಲಿ ಹದಿಹರೆಯದಲ್ಲೇ ಜಪಾನಿಗೆ ಬಂದು, ಅಲ್ಲಿನವರ ನಡುವೆ ಬೆಳೆದು ಮಾತು ಕಲಿತವನು. ಆಳುವವರಾದ ಹಿದೆಯೋಶಿ, ಇಯೆಯಾಸುಗಳ ಮುಂದೆ ದುಭಾಷಿಯಾಗಿ ನಿಂತವನು. ನಾಗಸಾಕಿಯಲ್ಲಿ 1604ರಿಂದ 1608ರ ನಡುವೆ ಅಚ್ಚಾದ ಅವನ ದೊಡ್ಡ ವ್ಯಾಕರಣದಲ್ಲಿ ಮಿಯಾಕೊ, ಅಂದರೆ ಕ್ಯೋತೊದ ಕುಲೀನರ ಮಾತೇ ಮಾದರಿ. ಆದರೆ ಪಾದ್ರಿಗಳು ಹೆಚ್ಚಾಗಿ ಇದ್ದದ್ದು ಕ್ಯೂಶೂದಲ್ಲಿ. ದಿನವೂ ಕೇಳುವುದು ಒಂದು, ಕಲಿಯಬೇಕಾದದ್ದು ಇನ್ನೊಂದು. 1603ರ ಜಪಾನಿ-ಪೋರ್ಚುಗೀಸ್ ನಿಘಂಟಿನಲ್ಲಿ, ಸುಮಾರು 32,000 ಪದಗಳ ನಡುವೆ, ಈ ಇಕ್ಕಟ್ಟು ಕಣ್ಣಿಗೆ ಕಾಣುತ್ತದೆ. ಕ್ಯೂಶೂದ ಪದಕ್ಕೆ ಒಂದು ಗುರುತು, ಕೆಳದರ್ಜೆಯದೆಂದು ಎಣಿಸಿದ ಪದಕ್ಕೆ ಮತ್ತೊಂದು. ಬಳಸಬೇಡಿ ಅಂತ ಹಾಕಿದ ಗುರುತೇ ಆ ಪದಗಳನ್ನು ಉಳಿಸಿತು ಅನ್ನುವುದು ನನ್ನ ಓದು. ಅವರು ಕೀಳೆಂದು ಕಿವಿ ಮುಚ್ಚಿಕೊಂಡಿದ್ದರೆ ಆ ಕಾಲದ ಕ್ಯೂಶೂ ಮಾತಿನ ಇಷ್ಟು ಕುರುಹು ನಮಗೆ ಸಿಗುತ್ತಿರಲಿಲ್ಲ.

ಎರಡನೆಯ ಸಂದರ್ಭ ರಷ್ಯಾದ್ದು. 1728ರಲ್ಲಿ ಕ್ಯೂಶೂದ ದಕ್ಷಿಣ ತುದಿಯ ಸಾತ್ಸುಮದಿಂದ ಒಸಾಕಕ್ಕೆ ಹೊರಟ ಹಡಗೊಂದು ಗಾಳಿಗೆ ಸಿಕ್ಕಿ ತಿಂಗಳುಗಟ್ಟಲೆ ತೇಲಿ ಕಮ್ಚಾಟ್ಕಕ್ಕೆ ಬಿತ್ತು. ದಡ ಸೇರಿದವರಲ್ಲಿ ಹೆಚ್ಚಿನವರನ್ನು ಅಲ್ಲಿನ ಕೊಸಾಕರು ಕೊಂದರು. ಉಳಿದದ್ದು ಸೋಜ ಎಂಬ ದೊಡ್ಡವನು, ಗೊಂಜ ಎಂಬ ಹುಡುಗ. ಇಬ್ಬರನ್ನೂ ಸೈಂಟ್ ಪೀಟರ್ಸ್‌ಬರ್ಗಿಗೆ ಒಯ್ದರು. 1736ರಲ್ಲಿ ಅಲ್ಲಿ ಜಪಾನಿ ಶಾಲೆ ಸುರುವಾದಾಗ ಹದಿಹರೆಯದ ಗೊಂಜನೇ ಮೇಷ್ಟ್ರು. ಸೋಜ ಅದೇ ವರ್ಷ ತೀರಿಕೊಂಡ. ಆಂದ್ರೆಯ್ ಬೊಗ್ದಾನೊವ್ ಜೊತೆಗೂಡಿ ಗೊಂಜ ಸುಮಾರು 12,000 ಪದಗಳ ನಿಘಂಟು ಸಿದ್ಧಪಡಿಸಿದ. 1739ರಲ್ಲಿ ಅವನೂ ಹೋದ.

ಆ ನಿಘಂಟಿನಲ್ಲಿ ಇರುವುದು ಸಾತ್ಸುಮದ ಮಾತು. ಗೊಂಜನಿಗೆ ಗೊತ್ತಿದ್ದ ಜಪಾನಿ ಅದೊಂದೇ. ಅವನ ಶಿಷ್ಯರಿಗೆ 'ಜಪಾನಿನ ಭಾಷೆ' ಎಂದರೆ ಒಂದು ಬಂದರಿನ ಹುಡುಗನ ಮನೆಮಾತು! ಮುಂದೆ ಜಪಾನಿನ ಉತ್ತರದ ನಂಬು ಸೀಮೆಯಿಂದ ತೇಲಿ ಬಂದವರು ಮೇಷ್ಟ್ರಾದರು; ಶಾಲೆ 1750ರ ದಶಕದಲ್ಲಿ ಇರ್ಕುತ್ಸ್ಕಿಗೆ ಹೋಯಿತು. ಅವರಲ್ಲೊಬ್ಬನ ಮಗ ತತಾರಿನೊವ್ 1782ರಲ್ಲಿ ಮಾಡಿದ ನಿಘಂಟಿನಲ್ಲಿ ನಂಬುವಿನ ಮಾತು. ಒಂದು ದಕ್ಷಿಣದ ಕೊನೆ, ಒಂದು ಉತ್ತರದ ಕೊನೆ. ರಾಜಧಾನಿಯ ಪಂಡಿತರು ಬರೆಯಲು ಯೋಗ್ಯವಲ್ಲ ಅಂದುಕೊಂಡಿದ್ದ ಎರಡು ಮಾತುಗಳು ಹೀಗೆ ಪರದೇಶದಲ್ಲಿ ದಾಖಲಾದವು. ಸಾತ್ಸುಮ ಮಾತಿನ ಚರಿತ್ರೆ ಬರೆಯುವವರಿಗೆ ಗೊಂಜನ ನಿಘಂಟು ಇವತ್ತು ದೊಡ್ಡ ಆಧಾರ.

ಮೂರನೆಯದು ಜಪಾನಿನ ಒಳಗಿನದು, ಸ್ವಲ್ಪ ಕಹಿ. 1884ರಲ್ಲಿ ಕಥೆಗಾರ ಸಾನ್ಯೂತೆಯ್ ಎಂಚೊ ರಂಗದಲ್ಲಿ ಹೇಳಿದ ಕಥೆಯನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು ಅಚ್ಚು ಹಾಕಿದರು. ಆಡುಮಾತನ್ನು ಹೀಗೂ ಬರೆಯಬಹುದು ಅಂತ ಓದುಗರು ಕಂಡರು. ಕಾದಂಬರಿಕಾರ ಫುತಬತೆಯ್ ಶಿಮೆಯ್ ತನ್ನ ಗದ್ಯಕ್ಕೆ ಎಂಚೊನ ಮಾತಿನ ಧಾಟಿಯನ್ನೇ ಹಿಡಿದ. ಅಲ್ಲಿಯವರೆಗೆ ಚಂದ. ಆದರೆ ಆಡುಮಾತಿಗೆ ಮರ್ಯಾದೆ ಬಂದದ್ದೇ, ಯಾವ ಆಡುಮಾತು ಎಂದು ಸರಕಾರ ತೀರ್ಮಾನಿಸಿತು. 1916ರಲ್ಲಿ ಸರಕಾರಿ ಸಮಿತಿ ಪ್ರಕಟಿಸಿದ ಆಡುಮಾತಿನ ವ್ಯಾಕರಣಕ್ಕೆ ಟೋಕಿಯೊದ ವಿದ್ಯಾವಂತರ ಮಾತೇ ಆಧಾರ. ಅದೇ ಕಾಲದ ಒಕಿನಾವಾದ ಶಾಲೆಗಳಲ್ಲಿ ಮನೆಮಾತು ಆಡಿದ ಮಗುವಿನ ಕುತ್ತಿಗೆಗೆ 'ಹೋಗೆನ್-ಫುದ' ಎಂಬ ಮರದ ಹಲಗೆ ತೂಗುಹಾಕುತ್ತಿದ್ದರು. ಅದನ್ನು ಇಳಿಸಬೇಕಾದರೆ ಹಾಗೇ ಮಾತಾಡಿದ ಇನ್ನೊಬ್ಬನನ್ನು ಆ ಮಗುವೇ ಹಿಡಿದುಕೊಡಬೇಕು. ಗೆಳೆಯನ ಮಾತಿಗೆ ಕಿವಿಗೊಡುವುದು ಅಂದರೆ ತಪ್ಪು ಹಿಡಿಯುವುದು ಎಂದಾಗಿಬಿಟ್ಟಿತು.

ತಡವಾಗಿಯಾದರೂ ಜಪಾನ್ ಎಚ್ಚೆತ್ತಿತು. 1977ರಿಂದ 1985ರವರೆಗೆ ಅಲ್ಲಿನ ಸಾಂಸ್ಕೃತಿಕ ಇಲಾಖೆ ದೇಶದ ಉದ್ದಗಲಕ್ಕೂ ಉಪಭಾಷೆಗಳ ತುರ್ತು ಸಮೀಕ್ಷೆ ನಡೆಸಿ ಹಿರಿಯರ ಮಾತುಕತೆ ಧ್ವನಿಮುದ್ರಿಸಿತು. 1948ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭಾಷಾ ಸಂಶೋಧನ ಸಂಸ್ಥೆ 2022ರಲ್ಲಿ ದಿನನಿತ್ಯದ ಸಂಭಾಷಣೆಯ 200 ಗಂಟೆಗಳ ಸಂಗ್ರಹ ಹೊರತಂದಿತು. ಊಟದ ಹೊತ್ತಿನ ಮಾತು, ಕೆಲಸದ ನಡುವಿನ ಹರಟೆ ಎಲ್ಲ ಅದರಲ್ಲಿ ಉಂಟು. ಇಂಥ ಮಾತು ಕೇಳಿದರೆ ಪುಸ್ತಕ ಹೇಳಿಕೊಡದ ಒಂದು ಸಂಗತಿ ಗೊತ್ತಾಗ್ತದೆ: ಕೇಳುವವನು ಸುಮ್ಮನಿರುವುದಿಲ್ಲ. 'ಉನ್', 'ಹಾಯ್', 'ನರುಹೊದೊ' ಅಂತ ನಡುನಡುವೆ ದನಿಗೂಡಿಸುತ್ತಲೇ ಇರುತ್ತಾನೆ. ಇದಕ್ಕೆ ಅವರು 'ಅಯಿಜುಚಿ' ಅನ್ನುತ್ತಾರೆ. ಕಮ್ಮಾರಸಾಲೆಯಲ್ಲಿ ಗುರುವಿನ ಏಟಿಗೆ ಸರಿಯಾಗಿ ಶಿಷ್ಯ ಹಾಕುವ ಸುತ್ತಿಗೆಯ ಏಟಿನಿಂದ ಬಂದ ಪದ. ನಮ್ಮಲ್ಲಿ ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುವವರು ಬೇಕಲ್ಲ, ಅದೇ ಇದು.

ಈಗ ನಮ್ಮ ಕಡೆ ಬರುತ್ತೇನೆ. ಶಾಲೆಯಲ್ಲಿ ನಾನು 'ಉಂಟು' ಎಂದು ಬರೆದಲ್ಲೆಲ್ಲ ಕೆಂಪು ಶಾಯಿಯಲ್ಲಿ 'ಇದೆ' ಆಗುತ್ತಿತ್ತು. ಹಲಗೆ ಯಾರೂ ಕಟ್ಟಲಿಲ್ಲ, ನಿಜ. ಆದರೂ ನಮ್ಮ ಮಾತು ಸ್ವಲ್ಪ ಕಡಿಮೆಯದು ಅನ್ನುವ ನಾಚಿಕೆ ಮನಸ್ಸಿನಲ್ಲಿ ಕೂತಿತು. ತುಳು, ಮಲಯಾಳ ಬೆರೆತ ಕಾಸರಗೋಡಿನ ಕನ್ನಡ, ಮರಾಠಿ ಬೆರೆತ ಸೊಲ್ಲಾಪುರದ ಕನ್ನಡ, ತೆಲುಗು ಬೆರೆತ ಮಡಕಶಿರದ ಕನ್ನಡ: ನಾಳೆ ಹೊರಗಿನವರೊಬ್ಬರು ಕೇಳಿ ಕನ್ನಡ ಕಲಿಯುತ್ತೇನೆ ಎಂದು ಬಂದರೆ ಇವನ್ನೂ ಕನ್ನಡವೆಂದೇ ಕೇಳಿಸುತ್ತೇವೋ, 'ಒಳ್ಳೆಯ ಕನ್ನಡ' ಬೇರೆ ಕಡೆ ಉಂಟು ಎಂದು ಕಳಿಸುತ್ತೇವೋ?

ಗೊಂಜ ತನ್ನ ಮಾತಿನ ಬಗ್ಗೆ ನಾಚಿಕೊಂಡು ಸುಮ್ಮನಿದ್ದಿದ್ದರೆ ಆ 12,000 ಪದಗಳು ಇರುತ್ತಿರಲಿಲ್ಲ. ನಮ್ಮಲ್ಲಿ ಎಲ್ಲರ ಕೈಯಲ್ಲೂ ಫೋನುಂಟು, ಮನೆಯಲ್ಲಿ ಹಿರಿಯರೂ ಇದ್ದಾರೆ. ಈ ರಜೆಯಲ್ಲಿ ಒಬ್ಬೊಬ್ಬರು ಒಂದೊಂದು ಗಂಟೆ, ಅವರ ಒಪ್ಪಿಗೆ ಕೇಳಿ, ತಿದ್ದದೆ, ನಡುವೆ ಹೂಂಗುಟ್ಟುತ್ತಾ, ಅವರ ಮಾತು ಮುದ್ರಿಸಿಕೊಂಡು ಬರುವ. ಇಷ್ಟೇ ನನ್ನ ಕೋರಿಕೆ. ಮುಂದಿನ ಸಲ ಕೂತಾಗ ಒಟ್ಟಿಗೆ ಕೇಳುವ.