ಎರಡು ಸಿಂಡಿಕೇಟುಗಳು: ಭಾರತದ 1969ನೆಯ ವರ್ಷ

ಒಂದು ರಾಷ್ಟ್ರದ ಬಾಳಿನಲ್ಲಿ ಎಲ್ಲ ವರ್ಷಗಳೂ ಒಂದೇ ತೂಕದವಲ್ಲ. ಹಲವು ವರ್ಷಗಳು ಪಂಚಾಂಗದ ಹಾಳೆಯಂತೆ ಮಗುಚಿ ಹೋಗುತ್ತವೆ. ಕೆಲವು ಮಾತ್ರ ಮುಂದಿನ ದಶಕಗಳ ಲೆಕ್ಕವನ್ನು ತಾವೇ ಬರೆದಿಟ್ಟು ಹೋಗುತ್ತವೆ. ಸ್ವತಂತ್ರ ಭಾರತದ ಮಟ್ಟಿಗೆ 1969 ಈ ಎರಡನೆಯ ಬಗೆಯದು. ಆ ವರ್ಷ ಅಧಿಕಾರದಲ್ಲಿದ್ದ ರಾಷ್ಟ್ರಪತಿಗಳು ಮೊದಲ ಬಾರಿಗೆ ನಿಧನ ಹೊಂದಿದರು. 14 ಬ್ಯಾಂಕುಗಳು ಒಂದೇ ರಾತ್ರಿಯಲ್ಲಿ ಸರಕಾರದ ಸ್ವತ್ತಾದವು. ಆಳುವ ಪಕ್ಷದ ಅಧಿಕೃತ ಅಭ್ಯರ್ಥಿ ಆ ಪಕ್ಷದವರ ಮತಗಳೇ ಚದರಿದುದರಿಂದ ಸೋತರು. 84 ವರ್ಷಗಳ ಕಾಂಗ್ರೆಸ್ಸು ಒಡೆದು ಎರಡಾಯಿತು.

ಈ ಕಥೆಯನ್ನು ದೆಹಲಿಯ ಕಥೆಯೆಂದು ಹೇಳುವುದು ರೂಢಿ. ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರಿಗೂ ಪಕ್ಷದ ಹಿರಿಯರಿಗೂ ನಡೆದ ಮೇಲಾಟವೆಂದೇ ಅದು ಗ್ರಂಥಗಳಲ್ಲಿ ನಿರೂಪಿತವಾಗಿದೆ. ಆದರೆ ಆ ವರ್ಷದ ಘಟನೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಕನ್ನಡ ನಾಡಿನ ಪಾಲು ಎದ್ದು ಕಾಣುತ್ತದೆ. ಹಿರಿಯರ ಆ ಗುಂಪಿಗೆ ಪತ್ರಿಕೆಗಳು ಕೊಟ್ಟ ಹೆಸರು ‘ಸಿಂಡಿಕೇಟ್’. ಅದರ ಮುಂಚೂಣಿಯಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ನಿಂತಿದ್ದವರು ಚಿತ್ರದುರ್ಗದ ವಕೀಲರಾಗಿದ್ದ ಶ್ರೀ ಎಸ್. ನಿಜಲಿಂಗಪ್ಪನವರು. ಅದೇ ವರ್ಷ ಸರಕಾರದ ವಶವಾದ ಬ್ಯಾಂಕುಗಳಲ್ಲಿ ಒಂದು ಮಣಿಪಾಲದ ಸಿಂಡಿಕೇಟ್ ಬ್ಯಾಂಕು. ಹೆಸರೊಂದೇ ಆದರೂ ಇವೆರಡಕ್ಕೂ ಸಂಬಂಧವಿರಲಿಲ್ಲ. ಆದರೂ ಒಂದರೊಡನೆ ನಡೆದ ಹೋರಾಟದಲ್ಲಿ ಮತ್ತೊಂದು ಸರಕಾರದ ಕೈಸೇರಿತು. ಈ ವಿಚಿತ್ರದ ಅರ್ಥವೇನೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ರಾಜಕೀಯವನ್ನು ನೋಡೋಣ. ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಗಳಾಗಿದ್ದ ನಿಜಲಿಂಗಪ್ಪನವರು 1968ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷಪದವಿಯನ್ನು ವಹಿಸಿಕೊಂಡು, ರಾಜ್ಯದ ಆಡಳಿತವನ್ನು ಶ್ರೀ ವೀರೇಂದ್ರ ಪಾಟೀಲರಿಗೆ ಬಿಟ್ಟು ದೆಹಲಿಗೆ ಬಂದರು. 1969ರ ಏಪ್ರಿಲ್ ತಿಂಗಳಲ್ಲಿ ದೆಹಲಿಯ ನೆರೆಯ ಫರೀದಾಬಾದಿನಲ್ಲಿ ನಡೆದ ಮಹಾಧಿವೇಶನದಲ್ಲಿ ಅವರು ಸರಕಾರಿ ಉದ್ದಿಮೆಗಳ ಅದಕ್ಷತೆಯನ್ನು ಟೀಕಿಸಿದರು. ಪ್ರಧಾನಿಯವರು ಆ ಉದ್ದಿಮೆಗಳನ್ನು ಸಮರ್ಥಿಸಿ ಮಾತನಾಡಿದರು. ಭಿನ್ನಾಭಿಪ್ರಾಯವು ಹೀಗೆ ಬಹಿರಂಗಕ್ಕೆ ಬಂದಿತು. ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನರು ತೀರಿಕೊಂಡರು. ಮುಂದಿನ ರಾಷ್ಟ್ರಪತಿ ಯಾರೆಂಬ ಪ್ರಶ್ನೆ ಒಡನೆಯೇ ಉಭಯ ಪಕ್ಷಗಳ ಬಲಪರೀಕ್ಷೆಯಾಗಿ ಪರಿಣಮಿಸಿತು.

ಆ ಪರೀಕ್ಷೆ ನಡೆದುದು ಬೆಂಗಳೂರಿನಲ್ಲಿ. ಜುಲೈ ಎರಡನೆಯ ವಾರದಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತು. ತಾವು ತಲಪುವ ಮೊದಲೇ ಇಂದಿರಾ ಗಾಂಧಿಯವರು ಆರ್ಥಿಕ ವಿಷಯಗಳನ್ನು ಕುರಿತ ಒಂದು ಟಿಪ್ಪಣಿಯನ್ನು ಅಲ್ಲಿಗೆ ಕಳುಹಿಸಿದ್ದರು. ಬಿಡಿ ವಿಚಾರಗಳೆಂದು ಅವರೇ ಕರೆದ ಆ ಬರಹದಲ್ಲಿ ಬ್ಯಾಂಕುಗಳ ಪ್ರಸ್ತಾಪವೂ ಇತ್ತು. ವಾಚಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆ ಟಿಪ್ಪಣಿಯಲ್ಲಿದ್ದುದು ದೊಡ್ಡ ಐದಾರು ಬ್ಯಾಂಕುಗಳ ಮಾತು. ಅವನ್ನು ರಾಷ್ಟ್ರೀಕರಿಸಬಹುದು, ಇಲ್ಲವೇ ಬ್ಯಾಂಕುಗಳ ಹಣದಲ್ಲಿ ಹೆಚ್ಚಿನ ಪಾಲು ಸಾರ್ವಜನಿಕ ಕಾರ್ಯಗಳಿಗೆ ಮೀಸಲಾಗುವಂತೆ ಆದೇಶ ಕೊಡಬಹುದು ಎಂಬ ಎರಡು ದಾರಿಗಳನ್ನು ಅದು ಸೂಚಿಸಿತ್ತು. ಜುಲೈ 12ರಂದು ಪಕ್ಷದ ಪಾರ್ಲಿಮೆಂಟರಿ ಮಂಡಲಿ ಪ್ರಧಾನಿಯವರ ಇಚ್ಛೆಗೆ ವಿರುದ್ಧವಾಗಿ ಶ್ರೀ ನೀಲಂ ಸಂಜೀವರೆಡ್ಡಿಯವರನ್ನು ಬಹುಮತದಿಂದ ಅಭ್ಯರ್ಥಿಯನ್ನಾಗಿ ಆರಿಸಿತು.

ಅಲ್ಲಿಂದ ಮುಂದಿನದು ಒಂದೇ ವಾರದ ಕಥೆ. ಜುಲೈ 16ರಂದು ಶ್ರೀ ಮೊರಾರ್ಜಿ ದೇಸಾಯಿಯವರಿಂದ ಅರ್ಥಖಾತೆಯನ್ನು ಹಿಂದಕ್ಕೆ ಪಡೆಯಲಾಯಿತು. ಅವರು ಉಪಪ್ರಧಾನಿ ಪದವಿಗೂ ರಾಜೀನಾಮೆ ಕೊಟ್ಟರು. ಬ್ಯಾಂಕುಗಳ ಒಡೆತನವನ್ನು ಮುಟ್ಟದೆ ಅವುಗಳ ನಡವಳಿಕೆಯನ್ನು ತಿದ್ದುವ ‘ಸಾಮಾಜಿಕ ನಿಯಂತ್ರಣ’ದ ಧೋರಣೆ ಅವರದಾಗಿತ್ತು; ಅದಕ್ಕಾಗಿ 1968ರಲ್ಲಿ ಮಾಡಿದ ಕಾನೂನು ಜಾರಿಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ಜುಲೈ 19ರ ಶನಿವಾರ ಸುಗ್ರೀವಾಜ್ಞೆ ಹೊರಟಿತು. ಅದಕ್ಕೆ ಅಂಕಿತ ಹಾಕಿದವರು ಹಂಗಾಮಿ ರಾಷ್ಟ್ರಪತಿ ಶ್ರೀ ವಿ. ವಿ. ಗಿರಿಯವರು, ಎರಡು ವರ್ಷ ಮೈಸೂರಿನ ರಾಜ್ಯಪಾಲರಾಗಿದ್ದುದರಿಂದ ಕನ್ನಡಿಗರಿಗೆ ಪರಿಚಿತರು. ಮರುದಿನವೇ ಅವರು ರಾಜೀನಾಮೆಯಿತ್ತು, ಸ್ವತಂತ್ರ ಅಭ್ಯರ್ಥಿಯಾಗಿ ಚುನಾವಣೆಯ ಕಣಕ್ಕಿಳಿದರು. ಜೂನ್ ತಿಂಗಳ ಕೊನೆಯ ಶುಕ್ರವಾರದ ಲೆಕ್ಕದಲ್ಲಿ 50 ಕೋಟಿ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ಠೇವಣಿಯಿದ್ದ ಭಾರತೀಯ ಬ್ಯಾಂಕುಗಳೆಲ್ಲವೂ ಸರಕಾರಕ್ಕೆ ಸೇರಿದವು. ಐದಾರು ಎಂಬುದು ಒಂದು ವಾರದಲ್ಲಿ 14 ಆಗಿತ್ತು. ಆ 14ರಲ್ಲಿ ಎರಡು ದಕ್ಷಿಣ ಕನ್ನಡದ ನೆಲದಲ್ಲಿ ಹುಟ್ಟಿದವು: ಕೆನರಾ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕು.

ರಾಷ್ಟ್ರೀಕರಣಕ್ಕೆ ಕೊಟ್ಟ ಕಾರಣಗಳು ದುರ್ಬಲವಾದುವೇನಲ್ಲ. ಬ್ಯಾಂಕುಗಳ ಸಾಲದಲ್ಲಿ ಸಿಂಹಪಾಲು ದೊಡ್ಡ ಉದ್ದಿಮೆಗೂ ವ್ಯಾಪಾರಕ್ಕೂ ಹೋಗುತ್ತಿತ್ತು. ಬೇಸಾಯಕ್ಕೆ ಸಿಗುತ್ತಿದ್ದುದು ನೂರಕ್ಕೆ ಸುಮಾರು ಎರಡು ಭಾಗ. 1969ರ ಜೂನ್‌ನಲ್ಲಿ ದೇಶದಲ್ಲಿದ್ದ 8,262 ಶಾಖೆಗಳಲ್ಲಿ ಹಳ್ಳಿಗಳಲ್ಲಿದ್ದವು 1,833 ಮಾತ್ರ. ಸರಾಸರಿ 65,000 ಜನರಿಗೆ ಒಂದು ಶಾಖೆ. ಬಡವನ ಬಾಗಿಲಿಗೆ ಬ್ಯಾಂಕು ಬರಬೇಕೆಂಬ ಮಾತು ಈ ಅಂಕಿಗಳ ಎದುರಿನಲ್ಲಿ ನ್ಯಾಯವಾದ ಮಾತೇ ಆಗಿತ್ತು.

ಆದರೆ ಬಡವನ ಬಾಗಿಲಿಗೆ ಬ್ಯಾಂಕು ಹೋದುದು 1969ರಲ್ಲಿ ಹೊಸದಾಗಿಯೇ? ಇದಕ್ಕೆ ಉತ್ತರವನ್ನು ಕರಾವಳಿಯಲ್ಲಿ ಹುಡುಕಬೇಕು. ಸ್ವದೇಶೀ ಚಳವಳಿಯ ಕಾಲದಲ್ಲಿ, 1906ರಲ್ಲಿ, ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಸ್ಥಾಪಿಸಿದ ಶಾಶ್ವತ ನಿಧಿಯೇ ಮುಂದೆ ಕೆನರಾ ಬ್ಯಾಂಕಾಯಿತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು 8,000 ರೂಪಾಯಿ ಬಂಡವಾಳದಿಂದ, ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು, ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದರು. 1928ರಲ್ಲಿ ಅದು ಪಿಗ್ಮಿ ಠೇವಣಿಯ ಯೋಜನೆಯನ್ನು ಹೂಡಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಸಾಹುಕಾರನು ಬ್ಯಾಂಕಿನ ಮೆಟ್ಟಿಲನ್ನು ಹತ್ತುತ್ತಿದ್ದ ಕಾಲದಲ್ಲಿ ಈ ಬ್ಯಾಂಕು ಬಡವನ ಮೆಟ್ಟಿಲನ್ನು ಹತ್ತಿತ್ತು.

ಲೇಖನದ ಮುಖ್ಯ ವಿಚಾರ ಇಲ್ಲಿದೆ. ಸುಗ್ರೀವಾಜ್ಞೆ ಬ್ಯಾಂಕುಗಳನ್ನು ಅಳೆದುದು ಠೇವಣಿಯ ಗಾತ್ರದಿಂದ. ಯಾರ ಠೇವಣಿ, ಯಾರಿಗೆ ಸಾಲ ಎಂಬುದರಿಂದಲ್ಲ. ಐದಾರು ಎಂಬ ಮಾತೇ ಉಳಿದಿದ್ದರೆ ಮಣಿಪಾಲದ ಬ್ಯಾಂಕು ಪಟ್ಟಿಗೆ ಬರುತ್ತಿರಲಿಲ್ಲ. ಸಣ್ಣ ಮನುಷ್ಯನನ್ನು ಮರೆತವೆಂಬ ಆರೋಪ ಹೊತ್ತ ದೊಡ್ಡ ಬ್ಯಾಂಕುಗಳ ಸಾಲಿನಲ್ಲಿ, ಸಣ್ಣ ಮನುಷ್ಯನ ಎರಡಾಣೆಗಳನ್ನು ಕೂಡಿಸಿಕೊಂಡು ಬೆಳೆದ ಬ್ಯಾಂಕೂ ನಿಂತಿತು. 50 ಕೋಟಿಯ ಗೆರೆಯನ್ನು ಅದು ದಾಟಿದುದರಲ್ಲಿ ಆ ಎರಡಾಣೆಗಳ ಪಾಲೂ ಇತ್ತು. ಕಾನೂನಿಗೆ ಒಂದು ಸುಲಭವಾದ ಅಳತೆ ಬೇಕಾಗುತ್ತದೆ, ನಿಜ. ಆದರೆ ಅಳತೆಯೊಳಗೆ ಬಾರದುದನ್ನು ನೆನಪಿಡುವುದು ಇತಿಹಾಸದ ಕರ್ತವ್ಯ.

ಬೇಸಗೆಯ ಜಗಳ ಮಳೆಗಾಲದಲ್ಲಿ ತೀವ್ರವಾಯಿತು. ಸಂಜೀವರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೇಳಲು ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರೊಡನೆ ಮಾತನಾಡಿದರು. ಇದನ್ನೇ ಮುಂದಿಟ್ಟುಕೊಂಡು ಪ್ರಧಾನಿಯವರ ಬಣ, ಸದಸ್ಯರು ಅಂತಃಸಾಕ್ಷಿಗೆ ತಕ್ಕಂತೆ ಮತ ಕೊಡಲೆಂದು ಸಾರಿತು. ಆಗಸ್ಟ್ 20ರ ಎಣಿಕೆಯಲ್ಲಿ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮತಮೌಲ್ಯ ಬಂದಿತು. ಮೂರನೆಯವರಾಗಿ ನಿಂತು ಸೋತವರು ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಶ್ರೀ ಸಿ. ಡಿ. ದೇಶಮುಖರು, ಅವರ ಮತಗಳು ಹಂಚಿಹೋದ ಮೇಲೆಯೇ ಫಲಿತಾಂಶ ನಿರ್ಧಾರವಾಯಿತು. ನವೆಂಬರ್ 1ರಂದು ಕಾರ್ಯಸಮಿತಿಯ ಒಂದು ಸಭೆ ಪ್ರಧಾನಿಯವರ ನಿವಾಸದಲ್ಲಿಯೂ ಇನ್ನೊಂದು ಸಭೆ ಜಂತರ್ ಮಂತರ್ ರಸ್ತೆಯ ಪಕ್ಷದ ಕಚೇರಿಯಲ್ಲಿಯೂ ನಡೆಯಿತು. ಕನ್ನಡ ನಾಡು ಒಂದಾದುದರ ವಾರ್ಷಿಕ ದಿನದಂದೇ, ಅದನ್ನು ಒಂದುಗೂಡಿಸಲು ದುಡಿದ ನಾಯಕರ ಕಣ್ಣೆದುರಿನಲ್ಲಿ ಅವರ ಪಕ್ಷ ಇಬ್ಭಾಗವಾಗತೊಡಗಿತು. ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯಲ್ಲಿ ಪ್ರಧಾನಮಂತ್ರಿಯವರನ್ನೇ ಪಕ್ಷದಿಂದ ಉಚ್ಚಾಟಿಸಲಾಯಿತು. ಜನತೆಯ ತೀರ್ಪು ಬರಲು ಹದಿನಾರು ತಿಂಗಳು ಬೇಕಾದವು: 1971ರ ಲೋಕಸಭೆಯ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷಕ್ಕೇ ಹೋದವು.

ನ್ಯಾಯಾಲಯದ ಅಂಕದಲ್ಲಿಯೂ ಕನ್ನಡ ಕರಾವಳಿಯವರೊಬ್ಬರಿದ್ದರು. 1970ರ ಫೆಬ್ರವರಿ 10ರಂದು ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠವು ರಾಷ್ಟ್ರೀಕರಣದ ಶಾಸನವನ್ನು 10:1ರ ಬಹುಮತದಿಂದ ಅಸಿಂಧುವೆಂದು ಸಾರಿತು. ಪಾರ್ಲಿಮೆಂಟಿಗೆ ಅಧಿಕಾರವಿಲ್ಲವೆಂದು ಅದು ಹೇಳಲಿಲ್ಲ; 14 ಬ್ಯಾಂಕುಗಳ ವಿಷಯದಲ್ಲಿ ಮಾತ್ರ ತಾರತಮ್ಯ ಮಾಡಿದುದನ್ನೂ ಪರಿಹಾರದ ತತ್ತ್ವಗಳನ್ನೂ ತಪ್ಪೆಂದಿತು. ಬಹುಮತದ ಹತ್ತು ಮಂದಿಯಲ್ಲಿ ಕಾರ್ಕಳ ತಾಲ್ಲೂಕಿನ ಕೌಡೂರಿನ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರೂ ಇದ್ದರು, ಭಿನ್ನಮತ ಬರೆದ ಒಬ್ಬರು ನ್ಯಾಯಮೂರ್ತಿ ಎ. ಎನ್. ರೇ. ನಾಲ್ಕು ದಿನಗಳೊಳಗೆ ಹೊಸ ಸುಗ್ರೀವಾಜ್ಞೆ ಬಂದು, ಮುಂದೆ ಹೊಸ ಶಾಸನವೂ ಆಯಿತು. 1973ರಲ್ಲಿ ಹೆಗ್ಡೆಯವರೂ ಸೇರಿ ಮೂವರು ಹಿರಿಯರನ್ನು ಬದಿಗೆ ಸರಿಸಿ ರೇ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಲಾಯಿತು. 1969ರಲ್ಲಿ ಬಿತ್ತಿದುದು ನ್ಯಾಯಾಂಗದ ಹೊಲದಲ್ಲಿಯೂ ಮೊಳೆಯಿತು.

ಪರಿಣಾಮವನ್ನು ತೂಗುವಾಗ ಲಾಭದ ತಟ್ಟೆ ಹಗುರವೆನ್ನಲಾಗದು. 1969ರ ಡಿಸೆಂಬರಿನಲ್ಲಿಯೇ ಜಿಲ್ಲೆಗೊಂದು ಅಗ್ರಣಿ ಬ್ಯಾಂಕೆಂಬ ಯೋಜನೆ ಆರಂಭವಾಯಿತು. 1990ರ ಹೊತ್ತಿಗೆ ಶಾಖೆಗಳ ಸಂಖ್ಯೆ ಏಳು ಪಟ್ಟು ಬೆಳೆದು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹಳ್ಳಿಗಳಲ್ಲಿದ್ದವು. ಕರಾವಳಿಯ ಅನುಭವ ಉತ್ತರಕ್ಕೂ ಬಂದಿತು. 1975ರ ಅಕ್ಟೋಬರ್ 2ರಂದು ದೇಶದ ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು ಹುಟ್ಟಿದಾಗ, ಮೊರಾದಾಬಾದಿನ ‘ಪ್ರಥಮಾ’ ಬ್ಯಾಂಕನ್ನು ಪ್ರಾಯೋಜಿಸಿದುದು ಸಿಂಡಿಕೇಟ್ ಬ್ಯಾಂಕು. ನಮ್ಮ ನೆರೆಯ ಗುಡಗಾಂವಿನ ಗ್ರಾಮೀಣ ಬ್ಯಾಂಕೂ ಅದರದೇ ಕೂಸು. ಇಂದು ಗಾಜಿನ ಗೋಪುರಗಳು ನಿಂತಿರುವ ಆ ಜಿಲ್ಲೆಯ ರೈತರಿಗೆ ಬಾವಿಗೂ ಎಮ್ಮೆಗೂ ಸಾಲ ಕೊಡುವ ಕಾರ್ಯದ ಹಿಂದೆ ಉಡುಪಿಯ ಪರಂಪರೆ ಇತ್ತೆಂಬುದನ್ನು ದೆಹಲಿಯ ಕನ್ನಡಿಗರೇ ಮರೆತಿದ್ದೇವೆ.

ನಷ್ಟದ ತಟ್ಟೆಯೂ ಬರಿದಲ್ಲ. ಊರಿನ ಜನರ ಮುಖಪರಿಚಯದಿಂದ ನಡೆಯುತ್ತಿದ್ದ ಸಾಲದ ತೀರ್ಮಾನ, ಮೇಲಿನಿಂದ ಬರುವ ಗುರಿಗಳಿಗೆ ಕಟ್ಟುಬಿದ್ದಿತು. 1980ರ ದಶಕದ ಸಾಲಮೇಳಗಳು—ಅವುಗಳ ರೂವಾರಿ ಶ್ರೀ ಜನಾರ್ದನ ಪೂಜಾರಿಯವರೂ ದಕ್ಷಿಣ ಕನ್ನಡದವರೇ—ಬಡವನಿಗೆ ಬ್ಯಾಂಕಿನ ಬಾಗಿಲನ್ನು ತೆರೆದವು. ವಸೂಲಿಯ ಶಿಸ್ತನ್ನು ಸಡಿಲಿಸಿದವೆಂಬ ಟೀಕೆಗೂ ಗುರಿಯಾದವು. 1980ರಲ್ಲಿ 200 ಕೋಟಿಯ ಗೆರೆ ಎಳೆದಾಗ ಕಾರ್ಪೊರೇಷನ್ ಬ್ಯಾಂಕೂ ವಿಜಯಾ ಬ್ಯಾಂಕೂ ಸರಕಾರದ ವಶವಾದವು. ಒಡೆಯನು ಒಬ್ಬನೇ ಆದ ಮೇಲೆ ಕೂಡಿಸುವುದೂ ಸುಲಭವಾಯಿತು: 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ನಾಲ್ಕರಲ್ಲಿ ಹೆಸರುಳಿದುದು ಒಂದಕ್ಕೆ.

ಉದ್ದೇಶ ಅಧಿಕಾರದ ಹೋರಾಟದಲ್ಲಿ ಹುಟ್ಟಿತೆಂದ ಮಾತ್ರಕ್ಕೆ ಕಾರ್ಯವನ್ನು ತೆಗೆದುಹಾಕಲಾಗದು. ಕಾರ್ಯ ಫಲಿಸಿತೆಂದ ಮಾತ್ರಕ್ಕೆ ಉದ್ದೇಶವನ್ನು ಪವಿತ್ರವೆನ್ನಲಾಗದು. ಇವೆರಡನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆಯುವುದು ಲೆಕ್ಕಪತ್ರದ ನೀತಿ. ಇತಿಹಾಸಕ್ಕೂ ಅದು ಸಲ್ಲುತ್ತದೆ. 1969ರ ರಾಜಕೀಯದ ಸಿಂಡಿಕೇಟನ್ನು ಕುರಿತು ಗ್ರಂಥಗಳು ಬಂದಿವೆ. ಎರಡಾಣೆಯ ಸಿಂಡಿಕೇಟನ್ನು ಕುರಿತೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕಾಗಿದೆ. ನಮ್ಮಲ್ಲಿ ಎಷ್ಟೋ ಕುಟುಂಬಗಳು ಈ ಬ್ಯಾಂಕುಗಳ ವರ್ಗಾವಣೆಯ ಆದೇಶ ಹಿಡಿದು ಯಮುನೆಯ ದಡಕ್ಕೆ ಬಂದಂಥವು. ಹಳೆಯ ಪಾಸ್‌ಪುಸ್ತಕಗಳು, ಪಿಗ್ಮಿ ಚೀಟಿಗಳು, ಶಾಖೆಗಳ ವಾರ್ಷಿಕ ವರದಿಗಳು ಆ ಮನೆಗಳ ಪೆಟ್ಟಿಗೆಗಳಲ್ಲಿ ಇರಬಹುದು. ಅವು ರದ್ದಿಗೆ ಹೋಗುವ ಮೊದಲು ಸಂಗ್ರಹವಾದರೆ, ದೇಶದ ಒಂದು ದೊಡ್ಡ ವರ್ಷದ ಇತಿಹಾಸಕ್ಕೆ ಕನ್ನಡದ ಪುಟವೊಂದು ಸೇರುತ್ತದೆ.