ಹಾಲಿನ ಪಿಶವಿಯ ಅಣುಚರಿತ್ರೆ

ಪುಣೆಯ ಸದಾಶಿವ ಪೇಠದ ಮನೆಗಳಿಗೆ ಬೆಳಗಿನ ಹಾಲು ಬರುವುದು ಪಾಲಿಥೀನ್ ಪೊಟ್ಟಣದಲ್ಲಿ. ಇಲ್ಲಿಯವರು ಅದನ್ನು ಪಿಶವಿ ಎನ್ನುತ್ತಾರೆ, ನಮ್ಮ ಧಾರವಾಡದ ಕಡೆಯೂ ಚೀಲಕ್ಕೆ ಅದೇ ಮಾತು. ಹಾಲನ್ನು ಪಾತ್ರೆಗೆ ಬಗ್ಗಿಸಿ, ಬರಿದಾದ ಹಾಳೆಯಿಂದ ಬೆರಳಗಲದ ಪಟ್ಟಿಯೊಂದನ್ನು ಕತ್ತರಿಸಿ, ಎರಡು ಕೈಗಳಿಂದ ಮೆಲ್ಲನೆ ಎಳೆದು ನೋಡಿದರೆ, ಅದು ಒಡನೆ ಹರಿಯದೆ, ನಡುವಿನಲ್ಲಿ ಸಣ್ಣಗಾಗಿ ನೀಳುತ್ತ ಹೋಗುತ್ತದೆ. ತರಕಾರಿಯವನು ಕೊಡುತ್ತಿದ್ದ ತೆಳುಚೀಲವಾದರೋ ಮುಟ್ಟಿದೊಡನೆ ಕರಕರನೆ ಸದ್ದುಮಾಡಿ, ಉದ್ದುದ್ದಕ್ಕೆ ಸಲೀಸಾಗಿ ಸೀಳುತ್ತಿತ್ತು. ಎರಡೂ ಪಾಲಿಥೀನೇ, ಎರಡರ ಸರಪಣಿಯೂ ಇಂಗಾಲ ಜಲಜನಕಗಳದೇ. ಭೇದವಿರುವುದು ಅಣುವಿನ ಆಕಾರದಲ್ಲಿ.

ಇಂತಹ ವಸ್ತುಗಳು ಸಣ್ಣ ಅಣುಗಳ ಸಡಿಲವಾದ ಗುಂಪುಗಳಲ್ಲ, ರಾಸಾಯನಿಕ ಬಂಧದಿಂದ ಬೆಸೆದ ಸಹಸ್ರಾರು ಕೊಂಡಿಗಳ ನೀಳ ಸರಪಣಿಗಳು ಎಂದು ರಸಾಯನಶಾಸ್ತ್ರಜ್ಞ ಹರ್ಮನ್ ಸ್ಟಾಡಿಂಗರ್ 1920ರಲ್ಲಿ ಪ್ರತಿಪಾದಿಸಿದಾಗ ಸಮಕಾಲೀನ ವಿದ್ವಾಂಸರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಪಾಲಿಥೀನ್ ಕಾಣಿಸಿಕೊಂಡದ್ದು ಅದಾದ ಮೇಲೆ. 1933ರ ಮಾರ್ಚ್ 27ರಂದು ಇಂಗ್ಲೆಂಡಿನ ವಿನ್ನಿಂಗ್ಟನ್ನಿನಲ್ಲಿ, ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ಫಾಸೆಟ್ ಮತ್ತು ಗಿಬ್ಸನ್ ಎಥಿಲೀನ್ ಅನಿಲವನ್ನು ಬೆಂಜಾಲ್ಡಿಹೈಡಿನೊಡನೆ ಸಾವಿರಕ್ಕೂ ಮಿಕ್ಕ ವಾಯುಮಂಡಲಗಳ ಒತ್ತಡದಲ್ಲಿ ಕಾಯಿಸಿದಾಗ, ಬಯಸಿದ ಸಂಯುಕ್ತದ ಬದಲು ಮೇಣದಂತಹ ಬಿಳಿಯ ವಸ್ತುವೊಂದು ಕೈಗೆ ಬಂದಿತು. ಅಷ್ಟೊಂದು ಒತ್ತಡದಲ್ಲಿ, ಬೆಳೆಯುತ್ತಿರುವ ಸರಪಣಿಯ ತುದಿಯು ಆಗಾಗ ಹಿಂದಿರುಗಿ ತನ್ನ ಮೈಯನ್ನೇ ಕಚ್ಚುವುದರಿಂದ, ಅಲ್ಲಲ್ಲಿ ಗಿಡ್ಡ ಕೊಂಬೆಗಳೊಡೆಯುತ್ತವೆ. ಕೊಂಬೆ ಸವರದ ಕಟ್ಟಿಗೆಯನ್ನು ಹೊರೆಗಟ್ಟಿದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ: ಸರಪಣಿಗಳು ಒತ್ತಾಗಿ ಕೂಡಿ ಸ್ಫಟಿಕವಾಗಲಾರವು, ಸಾಂದ್ರತೆ 0.92ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಸುಮಾರು 110 ಡಿಗ್ರಿ ಸೆಲ್ಸಿಯಸ್ಸಿಗೇ ವಸ್ತು ಕರಗುತ್ತದೆ, ಹಾಳೆ ಮೃದುವೂ ತಕ್ಕಮಟ್ಟಿಗೆ ಪಾರದರ್ಶಕವೂ ಆಗುತ್ತದೆ.

ಸ್ಟಾಡಿಂಗರರಿಗೆ ನೊಬೆಲ್ ಪಾರಿತೋಷಕ ದೊರೆತ 1953ರಲ್ಲಿಯೇ ಜರ್ಮನಿಯ ಮ್ಯೂಲ್‌ಹೈಮಿನ ಕಾರ್ಲ್ ಝೀಗ್ಲರ್, ಟೈಟಾನಿಯಮ್ ಮತ್ತು ಅಲ್ಯುಮಿನಿಯಮ್ ಸಂಯುಕ್ತಗಳ ನೆರವಿನಿಂದ, ಸಾಮಾನ್ಯ ಒತ್ತಡದಲ್ಲಿಯೇ ಬಹುಮಟ್ಟಿಗೆ ಕೊಂಬೆಯಿಲ್ಲದ ಸರಪಣಿಯನ್ನು ಪಡೆದರು. ನೇರವಾದ ಸರಪಣಿಗಳು ಮಡಿಮಡಿಯಾಗಿ ಒತ್ತೊತ್ತಾಗಿ ಕೂಡುವುದರಿಂದ ಸಾಂದ್ರತೆ 0.95ನ್ನು ದಾಟಿತು, ಕರಗುವ ಬಿಂದು 130ರ ಬಳಿಗೆ ಏರಿತು. ಸ್ಫಟಿಕಗಳು ಬೆಳಕನ್ನು ಚದುರಿಸುವುದರಿಂದ ಹಾಳೆ ಮಸುಕಾಯಿತು, ಬಿರುಸಾಯಿತು, ಗದ್ದಲ ಕಲಿಯಿತು. ಬಲ ಹೆಚ್ಚಿದುದರಿಂದ ಅತಿ ತೆಳುವಾದ ಚೀಲ ಸಾಧ್ಯವಾದುದೂ ಇಲ್ಲಿಂದಲೇ.

ಹಾಲಿನ ಪಿಶವಿಗೆ ಇವೆರಡರಲ್ಲಿ ಯಾವುದೂ ಒಂಟಿಯಾಗಿ ಸಾಲದು. ಎಥಿಲೀನಿಗೆ ಬ್ಯೂಟೀನ್ ಅಥವಾ ಆಕ್ಟೀನ್ ಬೆರೆಸಿ, ನಾವು ಬಯಸಿದಷ್ಟೇ ಉದ್ದದ ಕೊಂಬೆಗಳನ್ನು ನೇರ ಸರಪಣಿಗೆ ಜೋಡಿಸಿದ ಮೂರನೆಯ ಬಗೆಯೊಂದುಂಟು. ಅದರಲ್ಲಿ ಒಂದೇ ಸರಪಣಿ ಅಕ್ಕಪಕ್ಕದ ಸ್ಫಟಿಕಗಳೆರಡನ್ನೂ ಹೊಲಿದಂತೆ ಹಾಯುವುದರಿಂದ ಚುಚ್ಚಿದರೂ ಹಾಳೆ ಬೇಗ ತೂತಾಗದು. ಆದರೆ ಕರಗಿದ ವಸ್ತುವನ್ನು ಗಾಳಿಯೂದಿ ಗುಳ್ಳೆಯಂತೆ ಉಬ್ಬಿಸಿ ಹಾಳೆ ಮಾಡುವಾಗ ಆ ಗುಳ್ಳೆ ತೊನೆಯದೆ ನಿಲ್ಲಬೇಕಾದರೆ ಒತ್ತಡದ ಪಾಲಿಥೀನಿನಲ್ಲಿ ಗಿಡ್ಡವುಗಳ ಜೊತೆಗೇ ಇರುವ ಉದ್ದನೆಯ ಕೊಂಬೆಗಳು ಪರಸ್ಪರ ತೊಡರಿಕೊಂಡಿರಬೇಕು. ಆದ್ದರಿಂದಲೇ ಹಾಲಿನ ಪಿಶವಿಗೆ ಈ ಮೂರನೆಯ ಬಗೆಯ ಮತ್ತು ಒತ್ತಡದ ಪಾಲಿಥೀನಿನ ಮಿಶ್ರಣ.

ಕುರುಕು ತಿನಿಸಾದ ಬಾಕರವಡಿಯ ಪೊಟ್ಟಣದ್ದು ಬೇರೆಯೇ ಕುಲ: ಜೂಲಿಯೋ ನಟ್ಟಾ 1954ರಲ್ಲಿ ಕ್ರಮಬದ್ಧವಾಗಿ ಕಟ್ಟಿದ ಪಾಲಿಪ್ರೊಪಿಲೀನನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದು ಅಣುಗಳನ್ನು ಎರಡೂ ದಿಕ್ಕಿಗೆ ಮಲಗಿಸಿದ ಹಾಳೆ ಅದು, ತೇವವನ್ನು ಒಳಗೆ ಬಿಡದು, ತಿನಿಸು ಮೆತ್ತಗಾಗದು.

ನಮ್ಮ ದೇಶದಲ್ಲಿ ಪಾಲಿಥೀನ್ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ 1959ರಲ್ಲಿ ತಯಾರಾಗತೊಡಗಿತು, ಅದೂ ಮದ್ಯಸಾರದಿಂದ ಪಡೆದ ಎಥಿಲೀನಿನಿಂದ. ಶಾಸನದ ದೃಷ್ಟಿ ಇತ್ತ ಹರಿದದ್ದು ಬಹಳ ತಡವಾಗಿ. ಮಹಾರಾಷ್ಟ್ರ ಸರಕಾರದ 2018ರ ಮಾರ್ಚ್ 23ರ ಅಧಿಸೂಚನೆ ಚೀಲಗಳನ್ನು ನಿಷೇಧಿಸಿ, ಹಾಲಿನ ಪಿಶವಿಗೆ, 50 ಮೈಕ್ರಾನಿಗೆ ಕಡಿಮೆಯಿಲ್ಲದೆ ದಪ್ಪವಿದ್ದು ಹಿಂದಕ್ಕೆ ಕೊಂಡುಕೊಳ್ಳುವ ಏರ್ಪಾಡಿದ್ದರೆ, ವಿನಾಯಿತಿಯಿತ್ತಿತು; ಕೇಂದ್ರದ ನಿಯಮ ಚೀಲಗಳ ಮಿತಿಯನ್ನು 2021ರಲ್ಲಿ 75ಕ್ಕೂ 2022ರ ಕೊನೆಗೆ 120ಕ್ಕೂ ಏರಿಸಿತು. ದಪ್ಪವನ್ನು ಅಳೆಯುವುದು ಅಧಿಕಾರಿಗೆ ಸುಲಭ, ಕೊಂಬೆಗಳನ್ನೆಣಿಸುವುದು ಅಸಾಧ್ಯ. ಈ ಅನಿವಾರ್ಯತೆಯನ್ನು ಒಪ್ಪಬೇಕು. ಆದರೂ ಹಾಳೆಯ ಗುಣವನ್ನು ದಪ್ಪವೊಂದರಿಂದಲೇ ತಿಳಿಯಹೊರಡುವುದು ಬಟ್ಟೆಯ ನೂಲನ್ನು ನೋಡದೆ ತೂಕದಿಂದ ಬೆಲೆಕಟ್ಟಿದಂತೆ.

ಗುಜರಿಯವರ ಪದ್ಧತಿ ಇದಕ್ಕಿಂತ ಸೂಕ್ಷ್ಮವಾದುದು. ಅವರ ವ್ಯಾಪಾರದ ಮಾತಿನಲ್ಲಿ ಮೃದುವಾದುದು ‘ಎಲ್‌ಡಿ’, ಸದ್ದುಮಾಡುವುದು ‘ಎಚ್‌ಎಂ’. ಮೈಕ್ರಾನಿನ ಗೊಡವೆಯಿಲ್ಲದೆ, ಹಾಳೆಯನ್ನು ಎರಡು ಬೆರಳುಗಳ ನಡುವೆ ಉಜ್ಜಿ, ಕರಕರವೆಂದರೆ ಒಂದು ಗೋಣಿಗೆ, ಸದ್ದಿಲ್ಲದಿದ್ದರೆ ಇನ್ನೊಂದಕ್ಕೆ ಎಸೆಯುತ್ತಾರೆ.