ಜೇಮ್ಸನ ಮನೋವ್ಯಥೆ

‘ಬೆಂದರೆ ಬೇಂದ್ರೆ’ ಎಂಬ ಮಾತು ನಮ್ಮಲ್ಲಿ ಮನೆಮಾತಾಗಿದೆ. ನೋವುಂಡವನಲ್ಲಿಯೇ ಪ್ರತಿಭೆ ಅರಳುತ್ತದೆಂದು ಅದಕ್ಕೆ ಹಲವರು ಅರ್ಥ ಹೇಳುತ್ತಾರೆ. ಕವಿಗಳ ವಿಷಯ ಹಾಗಿರಲಿ; ಮನಸ್ಸನ್ನೇ ಶಾಸ್ತ್ರಕ್ಕೆ ವಸ್ತುವಾಗಿಸಿಕೊಂಡವರಲ್ಲಿ ಈ ಮಾತು ಎಷ್ಟರಮಟ್ಟಿಗೆ ನಿಜ? ಅಮೆರಿಕದ ಮನಶ್ಶಾಸ್ತ್ರಕ್ಕೆ ತಳಹದಿ ಹಾಕಿದ ವಿಲಿಯಂ ಜೇಮ್ಸನ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ.

1842ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಜೇಮ್ಸ್ ಮೊದಲು ಚಿತ್ರಕಲೆಯನ್ನು ಹಿಡಿದ, ಬಿಟ್ಟ. ಬಳಿಕ ವಿಜ್ಞಾನಕ್ಕೆ ತಿರುಗಿದ. 1869ರಲ್ಲಿ ಹಾರ್ವರ್ಡಿನಲ್ಲಿ ವೈದ್ಯ ಪದವಿ ಪಡೆದರೂ ವೈದ್ಯವೃತ್ತಿಗೆ ಇಳಿಯಲಿಲ್ಲ. ಬೆನ್ನುನೋವು, ಕಣ್ಣುಬೇನೆ, ಇವುಗಳೊಡನೆ ಬದುಕೇ ಬೇಡವೆನ್ನಿಸುವಷ್ಟು ಖಿನ್ನತೆ. ಮನುಷ್ಯನು ಬರಿಯ ನರಗಳ ಯಂತ್ರವಾದರೆ ಅವನ ಇಚ್ಛೆಗೆ ಬೆಲೆಯೇನು ಎಂಬ ಸಂಶಯ ಬೇರೆ. 1870ರ ಮಾರ್ಚಿನಲ್ಲಿ ಅಕ್ಕರೆಯ ಸೋದರಸಂಬಂಧಿ ಮಿನಿ ಟೆಂಪಲ್ ಕ್ಷಯದಿಂದ ತೀರಿಕೊಂಡಳು. ಏಪ್ರಿಲ್ 30ರಂದು ಆತ ದಿನಚರಿಯಲ್ಲಿ ಒಂದು ಸಂಕಲ್ಪ ಬರೆದುಕೊಂಡ: ಫ್ರೆಂಚ್ ತತ್ತ್ವಜ್ಞ ರೆನೂವಿಯೆ ಹೇಳುವ ಇಚ್ಛಾಸ್ವಾತಂತ್ರ್ಯವನ್ನು ನಂಬುವುದೇ ತನ್ನ ಸ್ವತಂತ್ರ ಇಚ್ಛೆಯ ಮೊದಲ ಕಾರ್ಯ.

ರೋಗ ಅಂದೇ ವಾಸಿಯಾಯಿತೆಂದಲ್ಲ. ಹಾರ್ವರ್ಡಿನಲ್ಲಿ ಪಾಠ ಹೇಳುವ ಕೆಲಸ, 1878ರಲ್ಲಿ ಆಲಿಸ್ ಗಿಬನ್ಸಳೊಡನೆ ಮದುವೆ, ಇವು ಮೆಲ್ಲಮೆಲ್ಲನೆ ಆತನನ್ನು ಎತ್ತಿ ನಿಲ್ಲಿಸಿದವು. ಅದೇ ವರ್ಷ ಒಪ್ಪಿಕೊಂಡ ಮನಶ್ಶಾಸ್ತ್ರದ ಗ್ರಂಥ ಮುಗಿಯಲು ಹನ್ನೆರಡು ವರ್ಷ ಹಿಡಿಯಿತು. 1890ರಲ್ಲಿ ಎರಡು ಸಂಪುಟಗಳಾಗಿ ಹೊರಬಂತು. ದಿನದಿನದ ಸಣ್ಣ ಕೆಲಸಗಳೇ ನರಮಂಡಲದಲ್ಲಿ ದಾರಿ ತುಳಿದು ಅಭ್ಯಾಸವಾಗುತ್ತವೆ. ಕಷ್ಟವಾದ ಒಂದು ವಿಚಾರದ ಮೇಲೆ ಗಮನವನ್ನು ಬಿಡದೆ ನಿಲ್ಲಿಸುವುದೇ ಸಂಕಲ್ಪದ ತಿರುಳು. ಈ ಅಧ್ಯಾಯಗಳಲ್ಲಿ ನನಗೆ 1870ರ ಆ ದಿನಚರಿಯ ದನಿಯೇ ಕೇಳಿಸುತ್ತದೆ.

ಹಾಗಾದರೆ ನೋವೇ ಗ್ರಂಥವನ್ನು ಬರೆಯಿಸಿತೆ? ಹಾಗೆನ್ನಲು ನನಗೆ ಧೈರ್ಯವಿಲ್ಲ. ಅದೇ ಮನೆಯ ತಂಗಿ ಆಲಿಸಳೂ ಹರೆಯದಿಂದಲೇ ನರಗಳ ಬೇನೆಯಿಂದ ನರಳಿದಳು. ಚುರುಕುಬುದ್ಧಿಯವಳು, ಆದರೆ ಅಣ್ಣನಿಗೆ ದೊರೆತ ವಿಶ್ವವಿದ್ಯಾಲಯದ ಶಿಕ್ಷಣವಾಗಲಿ ಅಧ್ಯಾಪಕ ಪೀಠವಾಗಲಿ ಆಕೆಗೆ ದೊರೆಯಲಿಲ್ಲ. 1892ರಲ್ಲಿ ತೀರಿಕೊಂಡಾಗ ಆಕೆ ಬಿಟ್ಟುಹೋದ ದಿನಚರಿ ಬೆಳಕು ಕಂಡದ್ದು ಸಾವಿನ ನಂತರ. ನೋವು ಇಬ್ಬರಿಗೂ ಇತ್ತು. ಅದನ್ನು ಕೆಲಸಕ್ಕೆ ತಿರುಗಿಸುವ ಅನುಕೂಲ ಒಬ್ಬನಿಗೆ ಮಾತ್ರ ಇತ್ತು.

1902ರ ಧಾರ್ಮಿಕ ಅನುಭವದ ಗ್ರಂಥದಲ್ಲಿ ಜೇಮ್ಸ್ ಒಬ್ಬ ಫ್ರೆಂಚ್ ರೋಗಿಯ ಮಾತೆಂದು ಒಂದು ಪ್ರಸಂಗ ಕೊಟ್ಟಿದ್ದಾನೆ. ಹುಚ್ಚಾಸ್ಪತ್ರೆಯಲ್ಲಿ ಕಂಡಿದ್ದ, ಕದಲದೆ ಕುಳಿತ ಯುವಕನೊಬ್ಬ ನೆನಪಾಗಿ, ನಾಳೆ ನಾನೂ ಹೀಗಾಗಬಹುದೆಂಬ ಭಯ ಎದೆಯನ್ನು ಹಿಡಿಯಿತಂತೆ. ಆ ರೋಗಿ ತಾನೇ ಎಂದು ಜೇಮ್ಸ್ ಮುಂದೆ ಒಪ್ಪಿಕೊಂಡ. 1908ರಲ್ಲಿ ಕ್ಲಿಫರ್ಡ್ ಬಿಯರ್ಸ್ ಎಂಬಾತ ಹುಚ್ಚಾಸ್ಪತ್ರೆಗಳಲ್ಲಿ ತಾನು ಪಟ್ಟ ಪಾಡನ್ನು ಬರೆದು ಪ್ರಕಟಿಸಿದಾಗ, ಪುಸ್ತಕದ ಮೊದಲಲ್ಲಿ ಜೇಮ್ಸನ ಬೆಂಬಲದ ಕಾಗದವಿತ್ತು. ಮರುವರ್ಷ ಮನೋರೋಗಿಗಳ ಸ್ಥಿತಿ ಸುಧಾರಿಸಲು ಹುಟ್ಟಿದ ರಾಷ್ಟ್ರೀಯ ಸಮಿತಿಯಲ್ಲಿಯೂ ಆತ ಸೇರಿದ.

ನರಳುತ್ತಿರುವವನಿಗೆ ‘ಇದರಿಂದ ನೀನು ದೊಡ್ಡವನಾಗುವೆ’ ಎನ್ನುವುದು ಸಮಾಧಾನವಲ್ಲ. ಬಲ್ಲ ಜೇಮ್ಸ್ ಬಿಯರ್ಸನಿಗೆ ಕೊಟ್ಟದ್ದು ಆ ಮಾತನ್ನಲ್ಲ, ತನ್ನ ಹೆಸರಿನ ಆಸರೆಯನ್ನು.